ಲದ್ದಿ ಹುಳುವಿನ ಲೆಕ್ಕ ಬರೆದ ದಿನಗಳು

2018ರ ಆಗಸ್ಟ್ 5, ಭಾನುವಾರ. ರಜೆಗೆ ಅಂತ ಊರಿಗೆ ಬಂದಿದ್ದೆ. ದಾವಣಗೆರೆ ಹತ್ತಿರ ನಮ್ಮ ದೊಡ್ಡಪ್ಪನ ಮೆಕ್ಕೆಜೋಳದ ಹೊಲ. ಪೈರು ಮೊಣಕಾಲುದ್ದ ಬಂದಿತ್ತು. ದೊಡ್ಡಪ್ಪ ಒಂದು ಗಿಡದ ಸುಳಿಯನ್ನು ಎರಡು ಬೆರಳಲ್ಲಿ ಬಿಡಿಸಿ ತೋರಿಸಿದರು. ಒಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ ತುಂಬಿತ್ತು. ಅದನ್ನು ಕಡ್ಡಿಯಿಂದ ಸರಿಸಿದರೆ ಕೆಳಗೆ ಮುದುಡಿಕೊಂಡು ಕೂತಿದ್ದ ಕಂದು ಹುಳ.

"ಎರಡು ಸಲ ಔಷಧಿ ಹೊಡೆದೆ. ಸಾಯವಲ್ದು ನೋಡವ್ವ. ಇಷ್ಟು ವರ್ಷ ಜೋಳ ಬೆಳೆದಿದೀನಿ, ಇಂಥ ಹುಳ ನೋಡಿಲ್ಲ" ಅಂದರು.

ನಾನು ಆಗ ಬೆಂಗಳೂರಿನಲ್ಲಿ ಕೀಟಗಳ ಮೇಲೆ ಕೆಲಸ ಮಾಡುವ ಒಂದು ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ಸೇರಿ ಒಂದು ವರ್ಷ ಆಗಿತ್ತು. ಈ ಹುಳದ ಫೋಟೋ ನೋಡಿ ಆರು ದಿನ ಆಗಿತ್ತು ಅಷ್ಟೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ವರ್ಷದ ಮೇ ತಿಂಗಳಲ್ಲಿ ಇದನ್ನು ಅಲ್ಲಿನ ಮೆಕ್ಕೆಜೋಳದಲ್ಲಿ ಕಂಡಿದ್ದರು. ಜುಲೈ 30ಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಚ್ಚರಿಕೆ ಹೊರಡಿಸಿತ್ತು. ಫಾಲ್ ಆರ್ಮಿವರ್ಮ್. ಹುಟ್ಟೂರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು ಎರಡೇ ವರ್ಷಕ್ಕೆ ಅಲ್ಲಿನ ಹೆಚ್ಚಿನ ದೇಶಗಳಿಗೆ ಹಬ್ಬಿತ್ತು. ಏಷ್ಯಾದಲ್ಲಿ ಅದು ಮೊದಲು ದಾಖಲಾದದ್ದು ನಮ್ಮ ಕರ್ನಾಟಕದಲ್ಲೇ.

ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡೆ. ತಲೆ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರ ತಲೆಕೆಳಗಾಗಿ ಬರೆದಂಥ ಬಿಳಿ ಗೆರೆ. ಬಾಲದ ತುದಿಗಿಂತ ಒಂದು ಭಾಗ ಹಿಂದೆ ನಾಲ್ಕು ಕಪ್ಪು ಚುಕ್ಕೆ, ಸರಿಯಾಗಿ ಚೌಕಾಕಾರ. ಎರಡೂ ಇತ್ತು. ಎದೆ ಧಸಕ್ ಅಂತು. ಆದರೆ ದೊಡ್ಡಪ್ಪನ ಎದುರು ಏನೂ ಹೇಳಲಿಲ್ಲ. ಮನೆಗೆ ಹೋಗಿ ದೊಡ್ಡಮ್ಮನ ಹತ್ತಿರ ಖಾಲಿ ಡಬ್ಬಿ ಕೇಳಿದೆ.

ಒಂದೇ ಡಬ್ಬಿಗೆ ಹತ್ತು ಹುಳ ಹಾಕಿ ಬಸ್ ಹತ್ತಿದೆ. ಬೆಳಿಗ್ಗೆ ಬೆಂಗಳೂರಲ್ಲಿ ಮುಚ್ಚಳ ತೆಗೆದರೆ ಆರೇ ಉಳಿದಿದ್ದವು. ಒಂದನ್ನೊಂದು ತಿನ್ನುತ್ತವೆ ಅಂತ ಓದಿದ್ದೆ, ಅವಸರದಲ್ಲಿ ಮರೆತಿದ್ದೆ. ಉಳಿದ ಆರರಲ್ಲಿ ಮೂರನ್ನು ಬಿಸಿನೀರಿಗೆ ಹಾಕಿ ಆಮೇಲೆ ಆಲ್ಕೋಹಾಲಿಗೆ ಹಾಕಿದೆವು. ನೇರ ಆಲ್ಕೋಹಾಲಿಗೆ ಹಾಕಿದರೆ ಹುಳ ಕಪ್ಪಾಗುತ್ತದೆ, ಆ ನಾಲ್ಕು ಚುಕ್ಕೆಯೇ ಕಾಣದ ಹಾಗೆ ಆಗುತ್ತದೆ. ಇನ್ನು ಮೂರನ್ನು ಒಂದೊಂದು ಕಪ್ಪಿನಲ್ಲಿ ಇಟ್ಟು ಜೋಳದ ಎಲೆ ಕೊಟ್ಟು ಸಾಕಿದೆವು. ಮಣ್ಣಿಗಿಳಿದು ಕೋಶ ಕಟ್ಟಿದವು, ಪತಂಗ ಆದವು. ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ. ಅದನ್ನು ನೋಡಿಯೂ ಗೈಡ್ ಒಪ್ಪಲಿಲ್ಲ. ಹೊಟ್ಟೆಯ ತುದಿ ಕತ್ತರಿಸಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿ, ಜನನಾಂಗದ ಆಕಾರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಆದಮೇಲೆ "ಈಗ ಬರಿ" ಅಂದರು.

ಬರೆಯೋದು ಅಂದರೆ ಚೀಟಿ. ಬೆರಳಿನ ಅರ್ಧ ಅಗಲದ ಕಾಗದ. ಪತಂಗ ಚುಚ್ಚಿದ ಪಿನ್ನಿಗೇ ಅದನ್ನೂ ಚುಚ್ಚಬೇಕು. ದೇಶ, ರಾಜ್ಯ, ಜಿಲ್ಲೆ, ಊರು, ಅಕ್ಷಾಂಶ, ರೇಖಾಂಶ, ತಾರೀಕು, ಯಾವ ಗಿಡದ ಮೇಲೆ ಸಿಕ್ಕಿತು, ಹಿಡಿದವರು ಯಾರು. ನಾನು 5-8-2018 ಅಂತ ಬರೆದಿದ್ದೆ. ಗೈಡ್ ಆ ಚೀಟಿಯನ್ನು ಕಿತ್ತು ಹಾಕಿದರು. "ಇದನ್ನ ಅಮೆರಿಕದವರು ಓದಿದ್ರೆ ಮೇ 8 ಅಂತಾರೆ. ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಇತ್ತು ಅಂತ ಇತಿಹಾಸ ಆಗಿಬಿಡುತ್ತೆ. ತಿಂಗಳನ್ನ ರೋಮನ್ ಅಂಕಿಯಲ್ಲಿ ಬರಿ." ಅವತ್ತಿನಿಂದ ನನ್ನ ಕೈ ಹಾಗೇ ಬರೆಯುತ್ತದೆ. ಬ್ಯಾಂಕಿನ ಚೀಟಿಯಲ್ಲೂ ಒಮ್ಮೆ ಹಾಗೆ ಬರೆದಿದ್ದೆ.

ಆ ವರ್ಷ ಪೂರ್ತಿ ಮಧ್ಯ ಕರ್ನಾಟಕದ ಜೋಳದ ಹೊಲ ಸುತ್ತಿದೆ. ಹೊಲಕ್ಕೆ ಇಳಿದರೆ ‘ಡಬ್ಲ್ಯೂ’ ಆಕಾರದಲ್ಲಿ ನಡೆಯಬೇಕು, ಐದು ಕಡೆ ನಿಲ್ಲಬೇಕು, ಒಂದೊಂದು ಕಡೆ 10 ಗಿಡದ ಸುಳಿ ಬಿಡಿಸಿ ನೋಡಬೇಕು. ಒಟ್ಟು 50 ಗಿಡ. ಎಷ್ಟಕ್ಕೆ ಹುಳ ಬಿದ್ದಿದೆ ಅಂತ ಬರೆಯಬೇಕು. ಇದಕ್ಕೆ ಅಂತಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ‘ಫೇಮ್ಸ್’ ಅಂತ ಒಂದು ಆ್ಯಪ್ ಮಾಡಿತ್ತು. ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ತುಂಬಬಹುದು. ನಾವು ಆ್ಯಪಿನ ಜೊತೆಗೆ ಒಂದು ನೋಟ್‌ಬುಕ್ಕೂ ಇಟ್ಟುಕೊಂಡಿದ್ದೆವು. ಮಳೆಯಲ್ಲಿ ಫೋನ್ ತೆಗೆಯೋದು ಕಷ್ಟ, ಪೆನ್ಸಿಲ್ ಬರಹ ಒದ್ದೆಯಾದರೂ ಉಳಿಯುತ್ತದೆ.

ರೈತರ ಹತ್ತಿರ ತಾರೀಕು ಸಿಗೋದು ಕಷ್ಟ. "ಯಾವಾಗ ಬಿತ್ತಿದ್ರಿ?" ಅಂದರೆ "ಪುನರ್ವಸು ಹೊಕ್ಕ ನಾಲ್ಕನೇ ದಿನ" ಅಂತಾರೆ. ದೊಡ್ಡಪ್ಪನೂ ಹಾಗೇ ಹೇಳಿದ್ದು. ಪಂಚಾಂಗ ತೆಗೆದು ನೋಡಿದರೆ ಜುಲೈ 9 ಆಗುತ್ತದೆ. ಅಂದರೆ ನಾನು ಹುಳ ಹಿಡಿದ ದಿನ ಪೈರಿಗೆ 27 ದಿನ. ಮಳೆ ನಕ್ಷತ್ರದ ಲೆಕ್ಕ ತಪ್ಪಲ್ಲ, ಬಹಳ ಕರಾರುವಾಕ್ಕು. ಅದನ್ನು ನನ್ನ ಪುಸ್ತಕದ ಲೆಕ್ಕಕ್ಕೆ ತರೋದಷ್ಟೇ ಕೆಲಸ. ನಾನು ರೈತ ಹೇಳಿದ ಮಾತನ್ನೂ ಬರೆದು, ಪಕ್ಕದಲ್ಲಿ ನಾನು ಹಾಕಿದ ತಾರೀಕನ್ನೂ ಬರೆಯುತ್ತಿದ್ದೆ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಆದರೆ ತಪ್ಪೂ ಮಾಡಿದೆ. ನವೆಂಬರಿನಲ್ಲಿ ಎಲ್ಲ ದಾಖಲೆಯನ್ನೂ ಕಂಪ್ಯೂಟರಿಗೆ ಹಾಕಿ ನಕ್ಷೆ ಮಾಡಿದೆವು. ದಾವಣಗೆರೆ, ಚಿತ್ರದುರ್ಗ, ಹಾವೇರಿ ಸುತ್ತ ಚುಕ್ಕೆಗಳು ಬಂದವು. ಒಂದಿಷ್ಟು ಚುಕ್ಕೆ ಮಾತ್ರ ನಕ್ಷೆಯ ತುತ್ತ ತುದಿಯಲ್ಲಿ, ನಾರ್ವೆಗೂ ಮೇಲೆ, ಸ್ವಾಲ್‌ಬಾರ್ಡ್ ದ್ವೀಪದ ಹತ್ತಿರದ ಸಮುದ್ರದಲ್ಲಿ ಬಿದ್ದಿದ್ದವು. ದಾವಣಗೆರೆಯ ಅಕ್ಷಾಂಶ ಸುಮಾರು 14.4, ರೇಖಾಂಶ ಸುಮಾರು 75.9. ನಾನು ಎರಡನ್ನೂ ಅದಲುಬದಲು ಮಾಡಿದ್ದೆ. ಸಮುದ್ರದಲ್ಲಿ ಬಿದ್ದದ್ದಕ್ಕೆ ಸಿಕ್ಕಿತು. ಒಂದು ಅಂಕಿ ಆಚೀಚೆಯಾಗಿ ಪಕ್ಕದ ತಾಲ್ಲೂಕಿನಲ್ಲಿ ಬಿದ್ದಿದ್ದರೆ? ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವತ್ತು ರಾತ್ರಿ ನೋಟ್‌ಬುಕ್ ಹಿಡಿದು ಮೊದಲ ಪುಟದಿಂದ ಎಲ್ಲವನ್ನೂ ಮತ್ತೆ ತಾಳೆ ನೋಡಿದೆ. ಇನ್ನೂ ಏಳು ತಪ್ಪು ಸಿಕ್ಕವು.

ಅಷ್ಟರಲ್ಲಿ ಹುಳ ನಮ್ಮನ್ನು ಬಿಟ್ಟು ಬಹಳ ಮುಂದೆ ಹೋಗಿತ್ತು. ಇದರ ಪತಂಗ ಗಾಳಿ ಸಿಕ್ಕರೆ ಒಂದೇ ರಾತ್ರಿ 100 ಕಿಲೋಮೀಟರ್ ಹಾರಬಲ್ಲದು. 2018 ಮುಗಿಯುವಷ್ಟರಲ್ಲಿ ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್ ಎಲ್ಲ ಕಡೆ ಕಂಡಿತ್ತು. 2019ರ ಶುರುವಿಗೆ ಚೀನಾದ ಯುನ್ನಾನ್, ಮೇ ತಿಂಗಳಿಗೆ ನೇಪಾಳದ ನವಲಪುರ. ಪ್ರತಿ ಸುದ್ದಿ ಬಂದಾಗಲೂ ನನಗೆ ದೊಡ್ಡಪ್ಪನ ಹೊಲದ ಆ ಭಾನುವಾರ ನೆನಪಾಗುತ್ತಿತ್ತು. ನಾವು ಏನೇನು ನೋಡಿದ್ದೆವೋ ಅದು ಅಲ್ಲಿಯ ರೈತನಿಗೆ ಮೊದಲೇ ತಿಳಿದಿತ್ತಾ? ನಮ್ಮ ಲೆಕ್ಕ ನಮ್ಮ ಬೀರುವಿನಲ್ಲೇ ಇತ್ತಲ್ವಾ?

2019ರ ಕೊನೆಯಲ್ಲಿ ಒಂದು ತರಬೇತಿಗೆ ಹೋಗುವ ಅವಕಾಶ ಬಂತು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದಿಂದ ನನ್ನಂತೆಯೇ ಹೊಲಕ್ಕಿಳಿದು ಲೆಕ್ಕ ಬರೆಯುವವರು ಬಂದಿದ್ದರು. ನೇಪಾಳದವರು ಚಿತ್ವನ್ ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರ ಊರಿನ ರೂಢಿಯಂತೆ ‘ದಾಯಿ’ ಅಂತ ಕರೆದೆ, ಅಂದರೆ ಅಣ್ಣ. ಶ್ರೀಲಂಕಾದವರು ಪುತ್ತಲಂ ಕಡೆಯ ಹೆಂಗಸು. ಸಿಂಹಳದಲ್ಲೂ ಅಕ್ಕನಿಗೆ ‘ಅಕ್ಕಾ’ ಅಂತಲೇ ಅನ್ನುತ್ತಾರೆ ಅಂತ ಅವತ್ತೇ ಗೊತ್ತಾಗಿದ್ದು. ಹಾಗಾಗಿ ಅವರನ್ನು ಏನೆಂದು ಕರೆಯಬೇಕು ಅನ್ನೋದೇ ಪ್ರಶ್ನೆಯಾಗಲಿಲ್ಲ.

ಮೊದಲ ದಿನ ಎಲ್ಲರ ಫೈಲನ್ನೂ ಒಂದಕ್ಕೊಂದು ಜೋಡಿಸೋಣ ಅಂತ ಕೂತೆವು. ಮಧ್ಯಾಹ್ನದ ಊಟಕ್ಕೆ ಮುಗಿಯುತ್ತೆ ಅಂದುಕೊಂಡಿದ್ದೆವು. ಮೂರು ದಿನ ಹಿಡಿಯಿತು.

ಮೊದಲು ಸಿಕ್ಕಿದ್ದು ತಾರೀಕಿನ ಗಂಟು. ದಾಯಿಯ ಫೈಲಿನಲ್ಲಿ ಎಲ್ಲ ದಾಖಲೆಯೂ 2076ನೇ ಇಸವಿಯದು. ಕಂಪ್ಯೂಟರ್ ಅದನ್ನು ಮುಂದಿನ ಕಾಲ ಅಂತ ತಿಳಿದು ಎಲ್ಲಕ್ಕೂ ಕೆಂಪು ಗುರುತು ಹಾಕಿತು. ನೇಪಾಳದ ಕಚೇರಿಗಳಲ್ಲಿ ವಿಕ್ರಮ ಶಕೆಯ ತಾರೀಕು ನಡೆಯುತ್ತದೆ. ನಮ್ಮ 2019ರ ಏಪ್ರಿಲ್ 14 ಅವರಿಗೆ 2076ರ ವೈಶಾಖ 1. ಬರೀ 57 ವರ್ಷ ಕಳೆದರೆ ಸಾಲದು, ತಿಂಗಳೂ ನಮ್ಮ ತಿಂಗಳಿನ ನಡುವಲ್ಲಿ ಹುಟ್ಟುತ್ತದೆ, ಒಂದೊಂದು ತಿಂಗಳಿಗೆ ಒಂದೊಂದು ಲೆಕ್ಕದ ದಿನ. ಅದಕ್ಕೆ ಸೂತ್ರ ಇಲ್ಲ, ಪಟ್ಟಿ ನೋಡಿಯೇ ಬದಲಾಯಿಸಬೇಕು. ನಾನು ನನ್ನ ನೋಟ್‌ಬುಕ್ ತೆಗೆದು ಪುನರ್ವಸು ಮಳೆಯ ಪುಟ ತೋರಿಸಿದೆ. ದಾಯಿ ಅದನ್ನು ಬಹಳ ಹೊತ್ತು ನೋಡಿದರು. "ನೀವು ಮೂಲವನ್ನೂ ಇಟ್ಟುಕೊಂಡಿದ್ದೀರಿ" ಅಂದರು. ಹಾಗೇ ಮಾಡಿದೆವು. ಅವರ ವೈಶಾಖ, ಜೇಷ್ಠ ಅಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ ಇಂಗ್ಲಿಷ್ ತಾರೀಕು ತುಂಬಿದೆವು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಮೂಲಕ್ಕೆ ಹೋಗಿ ನೋಡಬಹುದು.

ಶ್ರೀಲಂಕಾದ ಅಕ್ಕನ ಫೈಲಿನಲ್ಲಿ ಕೆಲವು ಕಡೆ ಬರೀ ‘ಮಹಾ’, ‘ಯಾಲ’ ಅಂತಿತ್ತು. ಅವು ಅಲ್ಲಿಯ ಬೆಳೆಯ ಎರಡು ಹಂಗಾಮು. ನಮ್ಮಲ್ಲಿ ಮುಂಗಾರು, ಹಿಂಗಾರು ಅನ್ನುವ ಹಾಗೆ. ಆದರೆ ಅವರ ದೊಡ್ಡ ಹಂಗಾಮು ಮಹಾ ಶುರುವಾಗೋದು ನಮ್ಮ ಹಿಂಗಾರಿನ ಹೊತ್ತಿಗೆ. ಇದನ್ನು ನೋಡಿದಾಗಲೇ ನನಗೆ ಒಂದು ವಿಷಯ ಹೊಳೆದದ್ದು. ನಮ್ಮ ಜೋಳ ಕಟಾವಾಗುವ ಹೊತ್ತಿಗೆ ಅಲ್ಲಿ ಎಳೆ ಜೋಳ ಎದ್ದಿರುತ್ತದೆ. ಹುಳುವಿಗೆ ಈ ಭಾಗದಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಎಳೆ ಸುಳಿ ಸಿಗುತ್ತಲೇ ಇರುತ್ತದೆ. ನಮ್ಮ ಫೈಲನ್ನಷ್ಟೇ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಎರಡನೇ ದಿನ ಜಾಗದ ಅಳತೆ. ನಾನು ಎಕರೆ, ಗುಂಟೆ ಬರೆದಿದ್ದೆ. ದಾಯಿ ಬಿಘಾ ಬರೆದಿದ್ದರು. ಬಾಂಗ್ಲಾದೇಶದ ಹುಡುಗನೂ ಬಿಘಾ ಬರೆದಿದ್ದ. ಒಂದೇ ಹೆಸರು, ಸದ್ಯ ಇಬ್ಬರದ್ದಾದರೂ ಸರಿಹೋಯ್ತು ಅಂತ ಮುಂದೆ ಹೋಗಿಬಿಟ್ಟೆವು. ಸಂಜೆ ಲೆಕ್ಕ ನೋಡಿದಾಗ ನೇಪಾಳದ ಹೊಲಗಳಲ್ಲಿ ಒಂದು ಎಕರೆಗೆ ಹಿಡಿಸದಷ್ಟು ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿದ ಹಾಗೆ ಬಂತು. ಆ ಹುಡುಗ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಬರೆದ: ಅವರ ಬಿಘಾ ಅಂದರೆ 33 ಸೆಂಟ್ಸ್, ಎಕರೆಯ ಮೂರನೇ ಒಂದು ಭಾಗ. ದಾಯಿ ತಮ್ಮದು ಬರೆದರು: ನೇಪಾಳದ ತರಾಯಿಯ, ಅಂದರೆ ದಕ್ಷಿಣದ ಬಯಲಿನ, ಬಿಘಾ ಅಂದರೆ 20 ಕಟ್ಠಾ, ಒಂದೂವರೆ ಎಕರೆಗೂ ಜಾಸ್ತಿ. ಹೆಸರು ಒಂದೇ, ಅಳತೆಯಲ್ಲಿ ಐದು ಪಟ್ಟು ಅಂತರ. ಅವತ್ತು ನಾವು ಕಲಿತ ಪಾಠ ಇದು: ಬೇರೆ ಬೇರೆ ಹೆಸರಿದ್ದಾಗ ಎಲ್ಲರೂ ಎಚ್ಚರ ಇರುತ್ತಾರೆ, ಒಂದೇ ಹೆಸರಿದ್ದಾಗ ಯಾರೂ ಕೇಳೋದೇ ಇಲ್ಲ.

ಹುಳುವಿನ ಹೆಸರಿನಲ್ಲೂ ಇದೇ ಆಯಿತು. ನಮ್ಮ ರೈತರು ಲದ್ದಿ ಹುಳು ಅಂತಾರೆ, ಪೇಪರಿನವರು ಸೈನಿಕ ಹುಳು ಅಂತಾರೆ. ನೇಪಾಳದಲ್ಲಿ ಅಮೆರಿಕನ್ ಫೌಜಿ ಕೀರಾ. ಶ್ರೀಲಂಕಾದಲ್ಲಿ ಸೇನಾ. ಮೂರೂ ದೇಶದಲ್ಲಿ ಸೈನ್ಯದ ಹೆಸರೇ. ತೊಂದರೆ ಏನಂದರೆ ಸೈನಿಕ ಹುಳು ಅನ್ನೋ ಹೆಸರು ನಮ್ಮಲ್ಲಿ ಮೊದಲಿಂದಲೂ ಇತ್ತು. ಮಿಥಿಮ್ನಾ ಸೆಪರೇಟಾ ಅನ್ನುವ ನಮ್ಮದೇ ಹಳೇ ಹುಳುವಿಗೆ ಆ ಹೆಸರು. ಭತ್ತ, ಜೋಳ, ರಾಗಿ ಎಲ್ಲ ತಿನ್ನುತ್ತದೆ. ಹಾಗಾದರೆ ಹಳೇ ನೋಟ್‌ಬುಕ್ಕಿನಲ್ಲಿ ‘ಸೈನಿಕ ಹುಳು, ಮೆಕ್ಕೆಜೋಳ’ ಅಂತ ಬರೆದದ್ದು ಯಾವುದು? ಮಾದರಿ ಇಲ್ಲ, ಫೋಟೋ ಇಲ್ಲ. ಬರೆದವರಿಗೂ ನೆನಪಿಲ್ಲ. ಅಂಥ ದಾಖಲೆಗಳನ್ನೆಲ್ಲ ಒಂದು ಪಕ್ಕಕ್ಕೆ ಇಟ್ಟೆವು. ಅಳಿಸಲಿಲ್ಲ, ‘ಖಚಿತವಿಲ್ಲ’ ಅಂತ ಬರೆದೆವು. ಇದಕ್ಕೆ ಸ್ವಲ್ಪ ವಾದ ಆಯಿತು. ಒಬ್ಬರು, ಅಷ್ಟನ್ನೂ ಸೇರಿಸಿದರೆ ಸಂಖ್ಯೆ ಚೆನ್ನಾಗಿ ಕಾಣುತ್ತೆ ಅಂದರು. ನಾನು ಒಪ್ಪಲಿಲ್ಲ. ಪಿನ್ನಿಗೆ ಚುಚ್ಚಿದ ಪತಂಗ ಬೀರುವಿನಲ್ಲಿ ಇದ್ದರೆ ಐವತ್ತು ವರ್ಷ ಬಿಟ್ಟು ಯಾರಾದರೂ ಬಂದು ಮತ್ತೆ ನೋಡಬಹುದು. ಬರೀ ಹೆಸರನ್ನು ಮತ್ತೆ ನೋಡೋಕೆ ಆಗಲ್ಲ.

ಮೋಹಕ ಬಲೆಯ ಲೆಕ್ಕಕ್ಕೂ ಇದೇ ಮಾತು. ಹೆಣ್ಣಿನ ವಾಸನೆಯ ಗುಳಿಗೆ ಇಟ್ಟ ಬಲೆಗೆ ಲದ್ದಿ ಹುಳುವಿನ ಗಂಡು ಮಾತ್ರ ಬರುತ್ತೆ ಅಂತ ಎಲ್ಲರೂ ನಂಬಿದ್ದರು. ಬೇರೆ ಪತಂಗಗಳೂ ಬೀಳುತ್ತವೆ, ರೆಕ್ಕೆ ಸವೆದಿದ್ದರೆ ನೋಡೋಕೆ ಒಂದೇ ಥರ. ಬಲೆಯಲ್ಲಿ 12 ಪತಂಗ ಅಂತ ಬರೆಯುವ ಮುಂಚೆ 12ನ್ನೂ ಕೈಯಲ್ಲಿ ಹಿಡಿದು ನೋಡಿದ್ದೀರಾ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು.

ಮೂರನೇ ದಿನ ಊಟದ ಹೊತ್ತಿಗೆ ಅಕ್ಕ ತೆಂಗಿನ ವಿಷಯ ತೆಗೆದರು. ನಮ್ಮ ಅಮ್ಮನ ತವರು ತಿಪಟೂರು ಕಡೆ. ನಾನು ಚಿಕ್ಕವಳಿದ್ದಾಗ ಅಲ್ಲಿ ನುಸಿ ಪೀಡೆ ಬಂದು ಕಾಯಿಯೆಲ್ಲ ಗಂಟು ಗಂಟಾಗಿ, ಸಿಪ್ಪೆ ಬಿರಿದು ಬೀಳುತ್ತಿತ್ತು. ಅಜ್ಜಿ ಅಂಥ ಕಾಯಿಯನ್ನು ಬಾವಿ ಕಟ್ಟೆಯ ಪಕ್ಕ ರಾಶಿ ಹಾಕುತ್ತಿದ್ದದ್ದು ನೆನಪಿದೆ. ಕೇರಳದ ಎರ್ನಾಕುಲಂನಲ್ಲಿ 1998ರಲ್ಲಿ ಆ ನುಸಿ ಸಿಕ್ಕಿತು, ಆಮೇಲೆ ನಮ್ಮ ಕಡೆ ಬಂತು ಅಂತ ನಾನು ಹೇಳಿದೆ. ಅಕ್ಕ ತಟ್ಟೆಯಿಂದ ಕೈ ತೆಗೆದು "ನಮ್ಮ ಕಲ್ಪಿಟಿಯದಲ್ಲಿ 1997ರಲ್ಲೇ ಬಂದಿತ್ತು" ಅಂದರು. ಕಲ್ಪಿಟಿಯ ಅಂದರೆ ಅವರ ಊರಿನ ಹತ್ತಿರ ಕಡಲೊಳಗೆ ಚಾಚಿಕೊಂಡಿರುವ ನೆಲ. ಅವರ ಅಪ್ಪನ ತೋಟವೂ ಹಾಳಾಗಿತ್ತಂತೆ. ನಡುವೆ ಇರೋದು ಕಿರಿದಾದ ಸಮುದ್ರ. ಮೊದಲೇ ಗೊತ್ತಿದ್ದರೆ ನುಸಿಯನ್ನು ತಡೆಯಬಹುದಿತ್ತು ಅಂತ ನಾನು ಹೇಳೋದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಅದು, ಗಾಳಿಯಲ್ಲೇ ತೇಲಿ ಬರುತ್ತದೆ. ಆದರೆ ನಮ್ಮಜ್ಜಿ ಅದಕ್ಕೆ ಏನೇನೋ ಕಾರಣ ಹುಡುಕುತ್ತಾ ವರ್ಷಗಟ್ಟಲೆ ಕಳೆದರು. ಗೊಬ್ಬರ ಸಾಲದು ಅಂದರು, ಮಳೆ ಇಲ್ಲ ಅಂದರು, ದೃಷ್ಟಿ ಅಂದರು. ಸಮುದ್ರದಾಚೆ ಒಂದು ಮನೆಯಲ್ಲಿ ಅದೇ ಕಾಯಿಯ ರಾಶಿ ಇತ್ತು.

ತರಬೇತಿ ಮುಗಿದಮೇಲೆ ಜೋಡಿಸಿದ ಫೈಲನ್ನು ಎಲ್ಲರೂ ಸೇರಿ ಮುಂದುವರಿಸೋಣ ಅಂತ ಮಾತಾಯಿತು. ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ.

ಹುಳುವಿನ ಲೆಕ್ಕವನ್ನು ಪಕ್ಕದ ದೇಶಕ್ಕೆ ಕೊಡೋದು ಸುಮ್ನೆ ಫೈಲ್ ಕಳಿಸಿದ ಹಾಗಲ್ಲ. ಒಂದು ದೇಶದಲ್ಲಿ ಹೊಸ ಕೀಟ ಇದೆ ಅಂತ ಬರಹದಲ್ಲಿ ಬಂದರೆ ಆ ದೇಶದ ಬೆಳೆಯನ್ನು ಕೊಳ್ಳುವವರು ನಾಳೆ ಬೇಡ ಅನ್ನಬಹುದು. ಅದಕ್ಕೇ ಸಸ್ಯ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಕೆಳಗೆ ಒಂದು ಕೀಟ ಒಂದು ಪ್ರದೇಶದಲ್ಲಿ ಇದೆಯೋ ಇಲ್ಲವೋ ಅಂತ ಯಾವ ಆಧಾರದಲ್ಲಿ ಹೇಳಬೇಕು, ಹೊಸದು ಕಂಡರೆ ಬೇರೆಯವರಿಗೆ ಹೇಗೆ ತಿಳಿಸಬೇಕು ಅಂತ ನಿಯಮಗಳಿವೆ. ಅಧಿಕೃತವಾಗಿ ಹೇಳೋದು ಆಯಾ ದೇಶದ ಸಸ್ಯ ಸಂರಕ್ಷಣಾ ಸಂಸ್ಥೆ. ನಮ್ಮಲ್ಲಿ ಅದು ಫರಿದಾಬಾದಿನಲ್ಲಿದೆ. ನಮ್ಮಂಥವರ ನೋಟ್‌ಬುಕ್ಕು ಆ ಮಾತಿಗೆ ಆಧಾರ ಆಗಬಹುದು, ಆ ಮಾತೇ ಆಗೋದಕ್ಕೆ ಬರಲ್ಲ. ಇದು ನ್ಯಾಯವೇ. ಒಬ್ಬ ಹುಡುಗಿ ತಪ್ಪು ಗುರುತಿಸಿ ಕಳಿಸಿದ ಒಂದು ಸಾಲಿನಿಂದ ಸಾವಿರಾರು ರೈತರ ಮಾಲು ಬಂದರಿನಲ್ಲಿ ನಿಲ್ಲಬಾರದು.

ಆದರೆ ನಮ್ಮ ಫೈಲು ಒಂದು ಕಚೇರಿಯ ಮೇಜಿನ ಮೇಲೆ ಒಪ್ಪಿಗೆಗೆ ಕಾಯುತ್ತಾ ನಾಲ್ಕು ತಿಂಗಳು ಕೂತಿತು. ಹೋದಾಗಲೆಲ್ಲ "ಮೇಲಿನವರು ನೋಡಬೇಕು" ಅನ್ನೋ ಒಂದೇ ಮಾತು. ಒಂದು ದಿನ ಅಲ್ಲಿಯ ಹಿರಿಯರೊಬ್ಬರು ಬಾಗಿಲು ಮುಂದೆ ಮಾಡಿ ಹೇಳಿದರು: "ನೋಡಮ್ಮ, ಹುಳ ಎಲ್ಲ ಕಡೆ ಇರೋದು ಎಲ್ಲರಿಗೂ ಗೊತ್ತು. ಆದ್ರೆ ಇದರಲ್ಲಿ ರೈತರ ಹೆಸರಿದೆ, ಹೊಲದ ಜಾಗ ಇದೆ. ಅದನ್ನ ಹೊರಗೆ ಕೊಡೋಕೆ ನನಗೆ ಧೈರ್ಯ ಇಲ್ಲ." ಮೊದಲ ಸಲ ಯಾರೋ ನಿಜವಾದ ಕಾರಣ ಹೇಳಿದ್ದರು. ಅದೇ ರಾತ್ರಿ ರೈತರ ಹೆಸರಿನ ಕಾಲಂ ತೆಗೆದೆ. ಹೊಲದ ಅಕ್ಷಾಂಶ ರೇಖಾಂಶದ ಬದಲು ತಾಲ್ಲೂಕು ಮಾತ್ರ ಉಳಿಸಿದೆ. ಪೂರ್ತಿ ವಿವರ ನಮ್ಮಲ್ಲೇ ಇತ್ತು. ಎರಡು ವಾರಕ್ಕೆ ಒಪ್ಪಿಗೆ ಬಂತು. ಆ ನಾಲ್ಕು ತಿಂಗಳ ಬಗ್ಗೆ ನನಗೆ ಈಗಲೂ ಬೇಸರ ಇದೆ. ಲದ್ದಿ ಹುಳುವಿಗೆ ಒಂದು ತಲೆಮಾರು ಮುಗಿಯೋಕೆ ಸುಮಾರು ಒಂದು ತಿಂಗಳು ಸಾಕು, ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಕಾರಣವನ್ನು ಮೊದಲ ದಿನವೇ ಹೇಳಿದ್ದರೆ ಮೊದಲ ವಾರವೇ ಕೆಲಸ ಆಗುತ್ತಿತ್ತು.

ಮಾದರಿಗಳನ್ನು ಮಾತ್ರ ಕಳಿಸಲಿಲ್ಲ. ಜೀವಿಗಳ ಮಾದರಿ ದೇಶ ದಾಟಬೇಕಾದರೆ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಚೆನ್ನೈಯ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ನಾವು ಫೋಟೋಗಳಲ್ಲೇ ಮುಗಿಸಿದೆವು. ಹೇಗೆ ತೆಗೆಯಬೇಕು ಅಂತಲೂ ಮಾತಾಡಿಕೊಂಡೆವು: ತಲೆ ಎದುರಿನಿಂದ ಒಂದು, ಬಾಲದ ಕಡೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಗಿಡದ ಜೊತೆ ಒಂದು. ನಾಲ್ಕೂ ಇಲ್ಲದಿದ್ದರೆ ಗುರುತು ಹೇಳುವಂತಿಲ್ಲ.

ಆ ಹೊತ್ತಿಗೆ 2020. ರಾಜಸ್ಥಾನದಲ್ಲಿ ಮಿಡತೆ ಹಿಂಡು ಬಂದ ವರ್ಷ. ಆಗ ಓದಿದ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಭಾರತ ಮತ್ತು ಪಾಕಿಸ್ತಾನದ ಮಿಡತೆ ಅಧಿಕಾರಿಗಳು ಜೂನ್‌ನಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಗಡಿಯಲ್ಲಿ, ಮುನಾಬಾವ್ ಅಥವಾ ಖೋಖ್ರಾಪಾರ್‌ನಲ್ಲಿ ಕೂತು ಲೆಕ್ಕ ಹಂಚಿಕೊಳ್ಳುವ ರೂಢಿ ದಶಕಗಳಿಂದ ಇತ್ತು. ಎರಡೂ ದೇಶದ ನಡುವೆ ಮಾತೇ ಇಲ್ಲದ ಕಾಲದಲ್ಲೂ ಮಿಡತೆಯ ಮಾತು ನಡೆದಿದೆ. ಕೊರೊನಾ ಬಂದಾಗ ಅದೇ ಮಾತುಕತೆ, ಇರಾನ್ ಮತ್ತು ಅಫ್ಘಾನಿಸ್ತಾನವನ್ನೂ ಸೇರಿಸಿಕೊಂಡು, ಆನ್‌ಲೈನಿನಲ್ಲಿ ಪ್ರತಿ ವಾರ ನಡೆಯಿತು. ಇದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮುಂದೆ ಅಂಟಿಸಿದೆ.

ಕೊರೊನಾದಲ್ಲಿ ನಾನೂ ಊರಲ್ಲೇ ಉಳಿದೆ. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಫೈಲು ನೋಡಿಕೊಳ್ಳುತ್ತಿದ್ದೆ. ದಾಯಿ, ಅಕ್ಕ, ಬಾಂಗ್ಲಾದೇಶದ ಹುಡುಗ ವಾರಕ್ಕೊಮ್ಮೆ ಮಾತಾಡುತ್ತಿದ್ದರು. ಆಗ ಆಗಸ್ಟಿನಲ್ಲಿ ನನಗೆ ಹೊಲದಲ್ಲಿ ಒಂದು ಹುಳ ಸಿಕ್ಕಿತು. ಎಲೆಯ ಮೇಲೆ ಅಂಟಿಕೊಂಡು ಸತ್ತಿತ್ತು, ಸೀಮೆಸುಣ್ಣದ ತುಂಡಿನ ಹಾಗೆ ಗಟ್ಟಿ. ಮೈಯೆಲ್ಲ ಬಿಳಿ, ಒಂದು ಕಡೆ ತಿಳಿ ಹಸಿರು ಪುಡಿ. ನೊಮುರಿಯಾ ರಿಲೆಯಿ. ಹುಳುವಿಗೆ ರೋಗ ತರುವ ಶಿಲೀಂಧ್ರ. ಮೋಡ, ತಂಪು ಇದ್ದರೆ ಹೊಲದಲ್ಲಿ ತಾನಾಗೇ ಹಬ್ಬಿ ಹುಳ ಕೊಲ್ಲುತ್ತದೆ. ನಾಲ್ಕು ಕಡೆಯಿಂದಲೂ ಫೋಟೋ ತೆಗೆದು ಹಾಕಿದೆ. ಅರ್ಧ ಗಂಟೆಗೆ ದಾಯಿಯ ಫೋನ್ ಬಂತು. ಅವರೂ ಹಿಂದಿನ ವಾರ ಅಂಥದ್ದೇ ಹುಳ ನೋಡಿದ್ದರಂತೆ. ಔಷಧಿಯಿಂದ ಸತ್ತದ್ದು ಅಂದುಕೊಂಡು ಬರೆಯದೇ ಬಿಟ್ಟಿದ್ದರು. ಮರುದಿನ ಅದೇ ಹೊಲಕ್ಕೆ ಹೋಗಿ ಎಣಿಸಿದರು. ಆ ರೈತನಿಗೆ ಒಂದು ವಾರ ಔಷಧಿ ಹೊಡೆಯಬೇಡ, ನೋಡೋಣ ಅಂದರಂತೆ.

ಅವತ್ತಿನಿಂದ ಫೈಲಿಗೆ ಇನ್ನೊಂದು ಕಾಲಂ ಬಂತು: ಹುಳುವಿನ ಶತ್ರು. ಸತ್ತ ಹುಳ, ಮೊಟ್ಟೆಯೊಳಗೆ ಮೊಟ್ಟೆ ಇಡುವ ಕಣಜ, ಹುಳ ಹೆಕ್ಕುವ ಹಕ್ಕಿ. ನಾವು ಹಾನಿಯನ್ನು ಮಾತ್ರ ಬರೆಯುತ್ತಿದ್ದೆವು, ವಾಸಿಯಾಗುತ್ತಿರೋದನ್ನು ಬರೆದೇ ಇರಲಿಲ್ಲ. ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆಯ ಕಥೆ ನಮಗೆಲ್ಲ ಗೊತ್ತಿತ್ತು. ಅದು ಶ್ರೀಲಂಕಾಕ್ಕೂ ತಮಿಳುನಾಡಿಗೂ ಒಂದೇ ವರ್ಷ, 2008ರಲ್ಲಿ ಕಂಡಿತು. 2010ರಲ್ಲಿ ಪೋರ್ಟೊರಿಕೋದಿಂದ ತರಿಸಿದ ಅಸೆರೊಫಾಗಸ್ ಅನ್ನುವ ಪುಟ್ಟ ಕಣಜವನ್ನು ಬೆಂಗಳೂರಿನಿಂದ ಹಂಚಿದರು, ತಿಗಣೆ ಹತೋಟಿಗೆ ಬಂತು. ತಿಗಣೆಯ ಲೆಕ್ಕದಷ್ಟೇ ಆ ಕಣಜದ ಲೆಕ್ಕವೂ ಮುಖ್ಯ ಅಲ್ವಾ?

ಇನ್ನೊಂದು ಕಾಲಂ ಸೇರಿಸೋಕೆ ನಾನು ಬಹಳ ಹಟ ಮಾಡಿದೆ. ಸೊನ್ನೆ. ಹೋಗಿ ನೋಡಿ, ಹುಳ ಸಿಗದೇ ಬಂದ ದಿನ ಯಾರೂ ಏನೂ ಬರೆಯುತ್ತಿರಲಿಲ್ಲ. ನಕ್ಷೆಯಲ್ಲಿ ಖಾಲಿ ಜಾಗ ಇದ್ದರೆ ಅಲ್ಲಿ ಹುಳ ಇಲ್ಲ ಅಂತಲೋ, ಅಲ್ಲಿಗೆ ಯಾರೂ ಹೋಗಿಲ್ಲ ಅಂತಲೋ? ಪಕ್ಕದ ದೇಶದವನಿಗೆ ಇದು ತಿಳಿಯೋದು ಹೇಗೆ? ಇಲ್ಲ ಅನ್ನೋದನ್ನೂ ತಾರೀಕು ಹಾಕಿ, ಎಷ್ಟು ಗಿಡ ನೋಡಿದೆ ಅಂತ ಬರೆದರೆ ಮಾತ್ರ ಖಾಲಿ ಜಾಗಕ್ಕೆ ಅರ್ಥ ಬರುತ್ತದೆ. ಮೊದಲು ಎಲ್ಲರಿಗೂ ಬೇಜಾರಾಯಿತು. ಸೊನ್ನೆ ಬರೆಯೋಕೆ ಅಷ್ಟು ದೂರ ನಡೆಯಬೇಕಾ ಅಂದರು. ಈಗ ಫೈಲಿನಲ್ಲಿ ಸೊನ್ನೆಗಳೇ ಜಾಸ್ತಿ.

ನಾನು ಬೆಂಗಳೂರಿಗೆ ವಾಪಸ್ ಬಂದಮೇಲೆ ದೊಡ್ಡಪ್ಪನಿಗೆ ಹೇಳಿಬಂದಿದ್ದೆ, ವಾರಕ್ಕೊಮ್ಮೆ ನೋಡಿ ಹೇಳಿ ಅಂತ. ಅವರು ಒಪ್ಪಿದರು. ಎಷ್ಟು ದಿನ ಮಾಡುತ್ತಾರೋ ಅಂದುಕೊಂಡಿದ್ದೆ. ಮುಂದಿನ ವರ್ಷ ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು.

"ಈ ವಾರ ಹುಳ ಇಲ್ಲ. ಬರ್ಕೊ."

"ಐದು ಕಡೆ ನೋಡಿದ್ರಾ ದೊಡ್ಡಪ್ಪ?"

"ಐದು ಕಡೆನೂ. ಹತ್ತತ್ತು ಗಿಡ. ಪುಷ್ಯ ಮಳೆ ಚೆನ್ನಾಗಿ ಹಿಡಿದೈತಿ, ಸುಳಿ ತುಂಬ ನೀರು. ಅದನ್ನೂ ಬರ್ಕೊ."

ಫೈಲು ತೆಗೆದೆ. ನೋಡಿದ ಗಿಡ 50, ಹುಳ 0. ಷರಾ ಕಾಲಂನಲ್ಲಿ ‘ಪುಷ್ಯ ಮಳೆ, ಸುಳಿ ತುಂಬ ನೀರು’ ಅಂತ ಅವರು ಹೇಳಿದ ಹಾಗೇ ಬರೆದು, ಪಕ್ಕದಲ್ಲಿ ತಾರೀಕು ಹಾಕಿದೆ.